ಎಂಆರ್‌ಐ ರಿಪೋರ್ಟಿನ ಕಪ್ಪು ಚುಕ್ಕಿ: ಮೆದುಳಿನ ಸಣ್ಣ ರಕ್ತಸ್ರಾವದ ಬಗ್ಗೆ ಕಲಬುರಗಿಯೊಳಗ ಆಡಿದ ಮಾತು

60 ದಾಟಿದವರು ಕೈ ಎತ್ರಿ ಅಂದ್ರ ಈ ಹಾಲ್‌ನಾಗ ಅರ್ಧಕ್ಕಿಂತ ಹೆಚ್ಚು ಕೈ ಮ್ಯಾಲ ಬಂದವು. ಛಲೋ ಆಯ್ತು, ಇವತ್ತಿನ ವಿಷಯ ನಿಮ್ದೇ ಅದ. ನೆದರ್‌ಲ್ಯಾಂಡ್ಸ್ ದೇಶದಾಗ ರಾಟರ್‌ಡ್ಯಾಮ್ ಅಂತ ಊರು ಅದ, ಅಲ್ಲಿ ತಮ್ಮ ಪಾಡಿಗಿ ತಾವು ಮನ್ಯಾಗ ಇದ್ದ ಸಾಮಾನ್ಯ ಮಂದಿನ್ನ ಕರೆದು ತಲಿ ಎಂಆರ್‌ಐ ಮಾಡಿ ನೋಡ್ಯಾರ, 2010ರಾಗ ಆ ಲೆಕ್ಕ ಹೊರಗ ಬಂತು. 45ರಿಂದ 50 ವಯಸ್ಸಿನವರೊಳಗ ನೂರಕ್ಕ ಆರೇಳು ಮಂದಿ ಮೆದುಳಿನಾಗ ಸಣ್ಣ ರಕ್ತಸ್ರಾವದ ಗುರುತು ಇತ್ತು, 80 ದಾಟಿದವರೊಳಗ ನೂರಕ್ಕ 35ಕ್ಕಿಂತ ಹೆಚ್ಚು ಮಂದಿಗಿ ಇತ್ತು. ಅವರೊಳಗ ಭಾಳ ಮಂದಿಗಿ ಅದು ಆಗಿದ್ದೇ ಗೊತ್ತಿರಲಿಲ್ಲ, ತಲಿ ನೋವಿಲ್ಲ, ಕೈಕಾಲು ಸೆಳೆತ ಇಲ್ಲ, ಏನೂ ಇಲ್ಲ. ಅದು ಅಲ್ಲಿಯ ಲೆಕ್ಕ ಖರೆ, ಆದ್ರ ವಯಸ್ಸಾದಂಗ ಈ ಗುರುತು ಹೆಚ್ಚಾಗ್ತಾವ ಅನ್ನೋದು ಎಲ್ಲಾ ಕಡಿ ಕಂಡ ಮಾತು.

ಇದನ್ನ ಮೊದಲೇ ಯಾಕ ಹೇಳಿದೆ ಅಂದ್ರ, ರಿಪೋರ್ಟ್ ಕೈಯಾಗ ಬಂದ ಮ್ಯಾಲ ಮನಿ ಮಂದಿ ಪಡೋ ಗಾಬರಿ ನಾ ದಿನಾ ನೋಡ್ತೀನಿ. ಆಳಂದ ಕಡಿಯವರು ಒಬ್ರು ಕಾಕಾ, ತಲಿ ತಿರುಗ್ತದ ಅಂತ ಎಲ್ಲೋ ತೋರಿಸಿದ್ರು, ಅಲ್ಲಿ ಎಂಆರ್‌ಐ ಬರೆದುಕೊಟ್ರು, ರಿಪೋರ್ಟಿನಾಗ 'ಮಲ್ಟಿಪಲ್ ಮೈಕ್ರೋಬ್ಲೀಡ್ಸ್' ಅಂತ ಬಂತು, ಅಂದ್ರ ಸಣ್ಣ ರಕ್ತಸ್ರಾವದ ಕಪ್ಪು ಚುಕ್ಕಿ ಒಂದಕ್ಕಿಂತ ಹೆಚ್ಚು ಅವ ಅಂತ. ಮಗ ಮೊಬೈಲ್‌ನಾಗ ಹುಡುಕಿದ, ಬ್ಲೀಡ್ ಅಂದ್ರ ರಕ್ತಸ್ರಾವ, ಬ್ರೇನ್ ಹ್ಯಾಮರೇಜ್ ಆಗ್ಯಾದ ಅಂತ ತಿಳ್ಕೊಂಡ್ರು, ಮನ್ಯಾಗ ಅಳೋದು ಶುರು ಆಯ್ತು, ಗಾಡಿ ಮಾಡ್ಕೊಂಡು ಸೊಲ್ಲಾಪುರಕ್ಕ ಹೋದ್ರು, ಅಲ್ಲಿಂದ ಹೈದರಾಬಾದಿಗಿ ಹೋದ್ರು, ರೊಕ್ಕ ಖರ್ಚಾಯ್ತು, ಫೈಲ್ ದಪ್ಪ ಆಯ್ತು. ಕಡೀಕ ನನ್ನ ಬಲ್ಲಿ ಬಂದು ಕುಂತಾಗ ಬಿಪಿ ನೋಡಿದ್ರ 190/110. ಅಷ್ಟು ದಪ್ಪ ಫೈಲ್‌ನಾಗ ಹುಡುಕಿದೆ, ಬಿಪಿ ಬರೆದ ಒಂದು ಚೀಟಿ ಇರಲಿಲ್ಲ. ಚುಕ್ಕಿ ಯಾಕ ಬಂತು ಅಂತ ಹೇಳೋ ಸಂಗತಿ ಅವರ ತೋಳಿನಾಗೇ ಇತ್ತು, ಯಾರೂ ಪಟ್ಟಿ ಕಟ್ಟಿ ನೋಡಿರಲಿಲ್ಲ. ನನಗ ಇದರಾಗ ಕಾಕಾಂದು ತಪ್ಪು ಕಾಣಂಗಿಲ್ಲ, ಮಗಂದೂ ಇಲ್ಲ, ದೊಡ್ಡ ಮಷಿನ್ ಮ್ಯಾಲ ನಾವೆಲ್ಲಾ ಇಟ್ಟ ವಿಶ್ವಾಸ ಸಣ್ಣ ಮಷಿನ್ ಮ್ಯಾಲ ಇಡಂಗಿಲ್ಲ, ಅದಕ್ಕ ಹಿಂಗ ಆಗ್ತದ.

ಈಗ ಈ ಚುಕ್ಕಿ ಅಂದ್ರ ಏನಂತ ನೋಡೋಣ. ಮೆದುಳಿನ ಒಳಗ ಭಾಳ ಸಣ್ಣ ರಕ್ತನಾಳ ಅವ, ದೊಡ್ಡ ನಾಳದಿಂದ ಟಿಸಿಲು ಒಡೆದು ಒಳಗ ಹೋಗ್ತಾವ. ಅದರ ಗೋಡಿ ಹಾಳಾದ್ರ ಅಲ್ಲಿಂದ ಒಂದು ಚೂರು ರಕ್ತ ಹೊರಗ ಬರ್ತದ, ತಾನೇ ನಿಂತೂ ಬಿಡ್ತದ. ಹೊರಗ ಬಂದ ರಕ್ತನ ಮೆದುಳಿನ ಸಫಾಯಿ ಮಾಡೋ ಕಣಗಳು ತಿಂದು ಹಾಕ್ತಾವ, ಆದ್ರ ರಕ್ತದಾಗಿನ ಕಬ್ಬಿಣದ ಅಂಶ ಅಲ್ಲೇ ಉಳೀತದ, ಅದಕ್ಕ ಹೀಮೋಸಿಡೆರಿನ್ ಅಂತಾರ. ವರ್ಷಗಟ್ಟಲೆ ಹೋಗಂಗಿಲ್ಲ ಅದು. ನಮ್ಮ ಮನ್ಯಾಗ ಗ್ವಾಡಿ ಒಳಗಿನ ಪೈಪ್ ಒಮ್ಮಿ ಸೋರಿ ನಿಂತ ಮ್ಯಾಲೂ ಹೊರಗ ಕಲಿ ಉಳೀತದಲ್ಲ, ಆ ಕಲಿನೇ ಈ ಚುಕ್ಕಿ. ಕಲಿ ಮ್ಯಾಲ ಸುಣ್ಣ ಹಚ್ಚಿದ್ರ ಏನೂ ಉಪಯೋಗಿಲ್ಲ, ಒಳಗಿನ ಪೈಪ್ ಹೆಂಗದ ನೋಡ್ಬೇಕು. ರಿಪೋರ್ಟಿನಾಗ ಕಾಣೋದು ಇವತ್ತು ಹರಿಯೋ ರಕ್ತ ಅಲ್ಲ, ಯಾವಾಗೋ ಆಗಿ ಮುಗಿದಿದ್ದರ ಗುರುತು. ಇಷ್ಟು ತಿಳೀತು ಅಂದ್ರ ಅರ್ಧ ಅಂಜಿಕಿ ಕಡಿಮಿ ಆಗ್ತದ.

ಇದರ ಸೈಜ್ ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಅಂತಾರ, ಹೆಚ್ಚಂದ್ರ 10. ಅದೂ ಎಂಆರ್‌ಐ ಫೋಟೋದಾಗ ಕಾಣೋ ಸೈಜು, ಖರೆ ಚುಕ್ಕಿ ಅದಕ್ಕಿಂತ ಸಣ್ಣದಿರ್ತದ, ಯಾಕಂದ್ರ ಕಬ್ಬಿಣ ಇದ್ದಲ್ಲಿ ಎಂಆರ್‌ಐ ಮಷಿನ್‌ನ ಅಯಸ್ಕಾಂತದ ಕ್ಷೇತ್ರ ಕೆಡ್ತದ, ಸುತ್ತಲಿನ ಜಾಗನೂ ಕಪ್ಪಾಗಿ ಕಾಣ್ತದ. ಸಿಟಿ ಸ್ಕ್ಯಾನ್‌ನಾಗ ಇದು ಕಾಣಂಗಿಲ್ಲ. ಎಂಆರ್‌ಐ ಒಳಗೂ ಎಲ್ಲಾ ತರದ ಫೋಟೋದಾಗ ಕಾಣಂಗಿಲ್ಲ, ಜಿಆರ್‌ಇ ಇಲ್ಲಾಂದ್ರ ಎಸ್‌ಡಬ್ಲ್ಯೂಐ ಅಂತ ಬ್ಯಾರೆ ತರದ ಫೋಟೋ ತೆಗೀಬೇಕು. 1990ರ ದಶಕದಾಗ ಈ ತರ ಫೋಟೋ ತೆಗಿಯೋದು ಶುರು ಆದ ಮ್ಯಾಲೇ ಡಾಕ್ಟರ್ ಮಂದಿಗಿ ಈ ಚುಕ್ಕಿ ಇಷ್ಟು ಮಂದಿಗಿ ಅವ ಅಂತ ಗೊತ್ತಾಗಿದ್ದು. ನಮ್ಮ ಮುತ್ಯಾನ ಕಾಲಕ್ಕೂ ಚುಕ್ಕಿ ಇದ್ದವು, ನೋಡೋ ಕಣ್ಣು ಇರಲಿಲ್ಲ ಅಷ್ಟೇ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡ್ತೀನಿ, ಆಮ್ಯಾಲ ಮರೀತೀನಿ. ಹೋದ ವರ್ಷದ ಎಂಆರ್‌ಐದಾಗ 4 ಚುಕ್ಕಿ ಇದ್ದವು, ಈ ವರ್ಷ 9 ಆಗ್ಯಾವ, ಬ್ಯಾನಿ ಹೆಚ್ಚಾಯ್ತು ಅಂತ ಬರ್ತಾರ. ಮೊದಲು ಕೇಳ್ರಿ, ಎರಡೂ ಸಲ ಒಂದೇ ತರದ ಮಷಿನ್‌ನಾಗ ಮಾಡಿದ್ರಾ? ಟೆಸ್ಲಾ ಅಂದ್ರ ಮಷಿನ್‌ನ ಅಯಸ್ಕಾಂತದ ಶಕ್ತಿಯ ಅಳತಿ, 1.5 ಟೆಸ್ಲಾ ಮಷಿನ್‌ಗಿಂತ 3 ಟೆಸ್ಲಾದಾಗ ಚುಕ್ಕಿ ಹೆಚ್ಚು ಕಾಣ್ತಾವ, ಜಿಆರ್‌ಇಕ್ಕಿಂತ ಎಸ್‌ಡಬ್ಲ್ಯೂಐದಾಗ ಹೆಚ್ಚು ಕಾಣ್ತಾವ. ಹೊಸಾ ಚುಕ್ಕಿ ಬರದಿದ್ರೂ ಲೆಕ್ಕ ಏರಬಹುದು. ಅಲ್ಲದ ಸುಣ್ಣದಂಶ ಗಟ್ಟಿಯಾದ ಜಾಗ, ಅಡ್ಡ ಕೊಯ್ದಂಗ ಕಾಣೋ ಸಣ್ಣ ರಕ್ತನಾಳ, ಇವೂ ಕಪ್ಪು ಚುಕ್ಕಿನಂಗೇ ಕಾಣ್ತಾವ. ಅದಕ್ಕ ರಿಪೋರ್ಟಿನ ಕಾಗದ ಅಷ್ಟೇ ತರಬ್ಯಾಡ್ರಿ, ಸಿಡಿ ತರ್ರಿ, ಫಿಲ್ಮ್ ತರ್ರಿ, ಹಳೇದೂ ತರ್ರಿ. ಬೀರುದಾಗ ಸೀರಿ ಕೆಳಗ ಇಟ್ಟ ಹಳೇ ಫಿಲ್ಮ್ ಭಾಳ ಸಲ ಕೆಲಸಕ್ಕ ಬಂದಾವ.

ಕಾರಣಕ್ಕ ಬರೋಣ. ಎರಡು ದೊಡ್ಡ ಕಾರಣ ಅವ, ಚುಕ್ಕಿ ಎಲ್ಲಿ ಅದ ಅನ್ನೋದರ ಮ್ಯಾಲ ಡಾಕ್ಟರ್ ಅಂದಾಜು ಮಾಡ್ತಾರ. ಮೆದುಳಿನ ನಡು ಆಳದಾಗ, ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಅದರ ಕೆಳಗ ಬ್ರೇನ್‌ಸ್ಟೆಮ್, ಹಿಂದ ಸೆರೆಬೆಲ್ಲಮ್, ಈ ಜಾಗದಾಗ ಚುಕ್ಕಿ ಇದ್ರ ಮೊದಲು ಬಿಪಿ ಮ್ಯಾಲ ಸಂಶಯ. ಈ ಜಾಗಕ್ಕ ಹೋಗೋ ನಾಳ ಸಣ್ಣವು, ದೊಡ್ಡ ನಾಳದಿಂದ ನೇರ ಒಡೆದು ಬಂದಿರ್ತಾವ, ಬಿಪಿಯ ಪೂರಾ ಹೊಡೆತ ಅವಕ್ಕೇ ಬೀಳ್ತದ. ವರ್ಷಾನುಗಟ್ಟಲೆ ಹೊಡೆತ ತಿಂದು ಗೋಡಿ ದಪ್ಪ ಆಗ್ತದ, ಬಿರುಸು ಆಗ್ತದ, ಒಂದು ದಿನ ಸೀಳ್ತದ. 1868ರಾಗೇ ಫ್ರಾನ್ಸಿನ ಶಾರ್ಕೋ ಮತ್ತು ಬುಶಾರ್ ಅನ್ನೋ ಇಬ್ಬರು ಡಾಕ್ಟರು, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡವರ ಮೆದುಳು ಕೊಯ್ದು ನೋಡಿ, ಈ ಸಣ್ಣ ನಾಳದ ಮ್ಯಾಲ ಉಬ್ಬಿದ ಗುಳ್ಳಿ ಕಂಡು ಬರೆದಿಟ್ಟಿದ್ರು. ಬಿಪಿ ಅಳೆಯೋ ತೋಳಪಟ್ಟಿ ಆಗಿನ್ನೂ ಬಂದಿರಲಿಲ್ಲ.

ಎರಡನೇದು ವಯಸ್ಸಿನ ಜೊತಿ ಬರೋದು. ಮೆದುಳಿನ ಹೊರಭಾಗದ ನಾಳಗಳ ಗೋಡಿ ಒಳಗ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಕೂಡ್ತಾ ಹೋಗ್ತದ, ನಾಳ ಪೊಳ್ಳಾಗ್ತದ. ಇದಕ್ಕ ಅಮಿಲಾಯ್ಡ್ ಆಂಜಿಯೋಪಥಿ ಅಂತಾರ. ಮರೆವಿನ ಬ್ಯಾನಿ ಆಲ್ಝೈಮರ್‌ದಾಗ ಮೆದುಳಿನಾಗ ಕೂಡೋದೂ ಇದೇ ಅಮಿಲಾಯ್ಡ್, ಅದಕ್ಕ ಎರಡೂ ಒಬ್ಬರಿಗೇ ಇರೋದು ಅಪರೂಪ ಅಲ್ಲ. ಇಲ್ಲಿ ಚುಕ್ಕಿ ಅಂಚಿನ ಕಡಿ ಇರ್ತಾವ, ಹಿಂಭಾಗದಾಗ ಹೆಚ್ಚು.

ಬೀದರ್ ಕಡಿಯ ಒಬ್ರು ರಿಟೈರ್ಡ್ ಟೀಚರಮ್ಮ, 70 ದಾಟಿದವರು, ಅವರ ಸಂಗತಿ ಹೇಳ್ತೀನಿ. ಅವರಿಗಿ ಬಲಗೈ ಬೆರಳಿನಾಗ ಜುಮುಜುಮು ಶುರು ಆಗ್ತಿತ್ತು, ನಿಧಾನಕ್ಕ ಮೊಣಕೈಗಿ ಏರ್ತಿತ್ತು, ಆಮ್ಯಾಲ ತುಟಿ ಬಲ್ಲಿ ಬರ್ತಿತ್ತು, ಹತ್ತು ನಿಮಿಷದಾಗ ಮಾಯ. ಇದು ಸಣ್ಣ ಲಕ್ವಾ ಅಂತ ತಿಳಿದು ರಕ್ತ ತೆಳು ಮಾಡೋ ಗುಳಿಗಿ ಎರಡೆರಡು ಶುರು ಮಾಡಿದ್ರು. ಎಸ್‌ಡಬ್ಲ್ಯೂಐ ಫೋಟೋ ತೆಗೆಸಿದಾಗ ಅಂಚಿಗಿ ತುಂಬಾ ಚುಕ್ಕಿ, ಮೆದುಳಿನ ಮೇಲ್ಪದರದಾಗ ಕಬ್ಬಿಣದ ಕಪ್ಪು ಗೆರಿ. ಅಮಿಲಾಯ್ಡ್ ಇದ್ದವರಿಗಿ ಹಿಂಗ ಹರಿದಾಡೋ ಜುಮುಜುಮು ಬರೋದು ಅದ, ಅವರಿಗಿ ರಕ್ತ ತೆಳು ಮಾಡೋ ಗುಳಿಗಿ ಕೊಟ್ರ ಉಪಯೋಗಕ್ಕಿಂತ ಅಪಾಯ ಹೆಚ್ಚಾಗಬಹುದು. ಗುಳಿಗಿ ಬದಲಿ ಮಾಡಿದ್ವಿ. ಆದ್ರ ಇದನ್ನ ಕೇಳಿ ಯಾರೂ ಮನ್ಯಾಗ ಕುಂತು ನಂದೂ ಹಂಗೇ ಅದ ಅಂತ ಗುಳಿಗಿ ಬಿಡಬ್ಯಾಡ್ರಿ, ಯಾಕಂದ್ರ ಜುಮುಜುಮು ಖರೆಖರೆ ಲಕ್ವಾದ ಮುನ್ಸೂಚನಿನೂ ಇರಬಹುದು, ಫೋಟೋ ನೋಡದೇ ಡಾಕ್ಟರಿಗೂ ಗೊತ್ತಾಗಂಗಿಲ್ಲ.

ಉಳಿದ ಕಾರಣ ಜಲ್ದಿ ಹೇಳ್ತೀನಿ. ತಲಿಗಿ ಪೆಟ್ಟು ಬಿದ್ರ ಚುಕ್ಕಿ ಬರ್ತಾವ, ಬೈಕಿನಿಂದ ಬಿದ್ದು ಎಷ್ಟೋ ವರ್ಷ ಆದ ಮ್ಯಾಲೂ ಕಾಣ್ತಾವ, ಹಿಂಗಾಗಿ ಹಳೇ ಆಕ್ಸಿಡೆಂಟ್ ಆಗಿದ್ರ ಡಾಕ್ಟರಿಗಿ ತಪ್ಪದೇ ಹೇಳ್ರಿ, ಮತ್ತ ಮನ್ಯಾಗಿನ ಹುಡುಗರಿಗಿ ಹೆಲ್ಮೆಟ್ ಹಾಕಿಸ್ರಿ, ಪೊಲೀಸರ ಸಲುವಾಗಿ ಅಲ್ಲ. ಕಿಡ್ನಿ ಕೆಟ್ಟವರಿಗಿ ಬರ್ತಾವ. ಹೃದಯದ ವಾಲ್ವಿಗಿ ಸೋಂಕು ಆದ್ರ ಬರ್ತಾವ, ಇದು ಅರ್ಜೆಂಟ್ ವಿಷಯ, ವಾಲ್ವಿನ ತೊಂದರಿ ಇದ್ದವರಿಗಿ ಜ್ವರ ಬಿಡದೇ ಬಂದ್ರ ಮನ್ಯಾಗ ಕೂಡಬಾರದು. ತಲಿಗಿ ರೇಡಿಯೇಷನ್ ಕೊಟ್ಟವರಿಗಿ, ಕೊರೋನಾದಾಗ ಐಸಿಯು ಒಳಗ ಭಾಳ ಸೀರಿಯಸ್ ಆಗಿ ಉಳಿದವರಿಗಿ ಕೂಡ ಕಂಡಾವ. ಆಲ್ಝೈಮರ್‌ಗಿ ಅಮಿಲಾಯ್ಡ್ ತೆಗಿಯೋ ಹೊಸಾ ಇಂಜೆಕ್ಷನ್ ಬಂದಾವ, ಅದರಾಗ ಲೆಕಾನೆಮ್ಯಾಬ್ ಅನ್ನೋದಕ್ಕ ಅಮೆರಿಕಾದಾಗ 2023ರ ಜುಲೈದಾಗ ಪೂರ್ಣ ಒಪ್ಪಿಗಿ ಸಿಕ್ಕಿತು. ಅದರ ದೊಡ್ಡ ಅಧ್ಯಯನದಾಗ ಔಷಧ ತಗೊಂಡವರೊಳಗ ನೂರಕ್ಕ 17 ಮಂದಿಗಿ ಇಂಥ ಸಣ್ಣ ರಕ್ತಸ್ರಾವದ ಗುರುತು ಕಂಡವು, ಬರೇ ಸಲೈನ್‌ನಂಥ ಪೊಳ್ಳು ಔಷಧ ತಗೊಂಡವರೊಳಗ 9. ಹಿಂಗಾಗಿ ಮೊದಲೇ 4ಕ್ಕಿಂತ ಹೆಚ್ಚು ಚುಕ್ಕಿ ಇದ್ದವರಿಗಿ ಅದನ್ನ ಕೊಡಬಾರದು ಅಂತಾರ. ಯಾರರೇ ನಿಮಗ ಮರೆವಿಗಿ ಹೊಸಾ ಇಂಜೆಕ್ಷನ್ ಬಂದದ ಅಂದ್ರ ಈ ಪ್ರಶ್ನಿ ಕೇಳ್ರಿ.

ಇದ್ರಿಂದ ಏನಾಗ್ತದ? ಒಂದೋ ಎರಡೋ ಚುಕ್ಕಿ ಇದ್ರ ಭಾಳ ಮಂದಿಗಿ ಏನೂ ಆಗಂಗಿಲ್ಲ. ಹೆಚ್ಚು ಇದ್ರ ಮಾತು ಬ್ಯಾರೆ. ರಾಟರ್‌ಡ್ಯಾಮ್‌ದಾಗೇ ಮುಂದ ನೋಡಿದಾಗ 4ಕ್ಕಿಂತ ಹೆಚ್ಚು ಚುಕ್ಕಿ ಇದ್ದವರಿಗಿ ನೆನಪು, ಲೆಕ್ಕ, ವಿಚಾರ ಮಾಡೋ ಶಕ್ತಿ ಜಲ್ದಿ ಇಳೀತು, ಮರೆವಿನ ಬ್ಯಾನಿನೂ ಹೆಚ್ಚು ಬಂತು. ಕೆಲವರ ನಡಿಗಿ ಸಣ್ಣ ಹೆಜ್ಜಿ ಆಗ್ತದ. ಮುಂದ ದೊಡ್ಡ ರಕ್ತಸ್ರಾವ ಆಗೋ ಸಾಧ್ಯತಿನೂ ಏರ್ತದ. ಲಕ್ಷಣ ಇಲ್ಲದ ದೊಡ್ಡವರೊಳಗ ನೂರಕ್ಕ 5 ಮಂದಿಗಿ ಚುಕ್ಕಿ ಇದ್ರ, ರಕ್ತ ಹೆಪ್ಪುಗಟ್ಟಿ ಲಕ್ವಾ ಆದವರೊಳಗ 34 ಮಂದಿಗಿ, ಮೆದುಳಿನ ರಕ್ತಸ್ರಾವ ಆದವರೊಳಗ 60 ಮಂದಿಗಿ ಇರ್ತಾವ ಅಂತ 2007ರಾಗ ಎಲ್ಲಾ ಅಧ್ಯಯನ ಕೂಡಿಸಿ ಲೆಕ್ಕ ಹಾಕಿದ್ರು. ರಾಟರ್‌ಡ್ಯಾಮ್ ಲೆಕ್ಕಕ್ಕೂ ಇದಕ್ಕೂ ಫರಕ್ ಅದ, ಯಾಕಂದ್ರ ಇದರಾಗ ಹಳೇ ಮಷಿನ್‌ನ ಫೋಟೋ ಭಾಳ ಸೇರ್ಯಾವ, ವಯಸ್ಸೂ ಬ್ಯಾರೆ ಬ್ಯಾರೆ.

ಈಗ ಆ ಲೆಕ್ಕದಾಗ ನಡುವಿಂದು ನೋಡ್ರಿ. ರಕ್ತ ಹೆಪ್ಪುಗಟ್ಟಿ ಲಕ್ವಾ ಆದವರಿಗೂ ಚುಕ್ಕಿ ಇರ್ತಾವ. ಅಂದ್ರ ಚುಕ್ಕಿ ಇದ್ದವರಿಗಿ ರಕ್ತ ಸೋರೋ ಅಪಾಯ ಒಂದೇ ಅಲ್ಲ, ನಾಳ ಬಂದ್ ಆಗೋ ಅಪಾಯನೂ ಅದ, ಯಾಕಂದ್ರ ಎರಡೂ ಒಂದೇ ಕೆಟ್ಟ ನಾಳದ ಕೆಲಸ. ಇವತ್ತು ನಾ ಇಲ್ಲಿಗಿ ಬಂದಿದ್ದೇ ಈ ಮಾತು ಹೇಳಬೇಕಂತ, ಸ್ವಲ್ಪ ಗಮನ ಇಟ್ಟು ಕೇಳ್ರಿ.

ಹೃದಯಕ್ಕ ಸ್ಟೆಂಟ್ ಹಾಕಿಸಿಕೊಂಡವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ, ಈಗಂತೂ ನಮ್ಮೂರಾಗೇ ಜಯದೇವ ದವಾಖಾನಿ ಅದ, ಬೆಂಗಳೂರಿಗಿ ಹೋಗೋ ಕೆಲಸ ಇಲ್ಲ. ಸ್ಟೆಂಟ್ ಹಾಕಿದ ಮ್ಯಾಲ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಕೊಡ್ತಾರ, ರಕ್ತ ತೆಳು ಮಾಡೋ ಗುಳಿಗಿ ಅಂತೀವಿ. ಜೇವರ್ಗಿ ಕಡಿಯ ಒಬ್ರು ಅಣ್ಣಾವ್ರು, ಸ್ಟೆಂಟ್ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ, ತಲಿನೋವಿಗಿ ಎಂಆರ್‌ಐ ಮಾಡಿಸಿದ್ರು, ಮೂರು ಚುಕ್ಕಿ ಬಂದವು. ಸೋದರಳಿಯ ಓದಿದವನೇ, ಮಾಮಾ ಮೆದುಳಿನಾಗ ರಕ್ತ ಸೋರ್ಯಾದ, ರಕ್ತ ತೆಳು ಮಾಡೋ ಗುಳಿಗಿ ನುಂಗಿದ್ರ ಇನ್ನೂ ಸೋರ್ತದ ಅಂದ. ಕೇಳಿದ್ರ ಸರಿ ಅನಸ್ತದ, ಹೌದಿಲ್ಲೋ? ಎರಡೂ ಗುಳಿಗಿ ಬಿಟ್ರು, ಯಾರಿಗೂ ಕೇಳಲಿಲ್ಲ. ಸ್ಟೆಂಟ್ ಬಂದ್ ಆಗಿ ಹಾರ್ಟ್ ಅಟ್ಯಾಕ್ ಆಯ್ತು. ಜೀವ ಉಳೀತು, ಆದ್ರ ಹೃದಯದ ಶಕ್ತಿ ಅರ್ಧ ಹೋಯ್ತು, ಹೊಲದ ಕೆಲಸ ನಿಂತು ಹೋಯ್ತು. ಮೂರು ಚುಕ್ಕಿ ಅವ್ರಿಗಿ ಏನೂ ಮಾಡಿರಲಿಲ್ಲ. ಅಳಿಯ ಈಗೂ ನನ್ನ ಮುಂದ ಬಂದ್ರ ತಲಿ ಎತ್ತಂಗಿಲ್ಲ, ನನಗ ಅವನ್ನ ನೋಡಿದ್ರ ಭಾಳ ಕೆಟ್ಟ ಅನಸ್ತದ, ಮಾಮಾನ ಮ್ಯಾಲಿನ ಪ್ರೀತಿಲಿಂದೇ ಹೇಳಿದ್ದ ಅವ.

ಜಗತ್ತಿನ ಬ್ಯಾರೆ ಬ್ಯಾರೆ ದೇಶದ 38 ಅಧ್ಯಯನ ಕೂಡಿಸಿ, ಲಕ್ವಾ ಇಲ್ಲಾಂದ್ರ ಸಣ್ಣ ಲಕ್ವಾ ಆದ 20,000ಕ್ಕಿಂತ ಹೆಚ್ಚು ಮಂದಿದು ಲೆಕ್ಕ 2019ರಾಗ ಬಂತು. ಚುಕ್ಕಿ ಎಷ್ಟೇ ಇರಲಿ, ಮುಂದ ನಾಳ ಬಂದ್ ಆಗಿ ಲಕ್ವಾ ಆಗೋದೇ ರಕ್ತಸ್ರಾವಕ್ಕಿಂತ ಹೆಚ್ಚು. 20 ಇಲ್ಲಾ ಅದಕ್ಕಿಂತ ಹೆಚ್ಚು ಚುಕ್ಕಿ ಇದ್ದವರೊಳಗೂ ವರ್ಷಕ್ಕ ಸಾವಿರ ಮಂದಿಗಿ 73 ಮಂದಿಗಿ ನಾಳ ಬಂದ್ ಆಗಿ ಲಕ್ವಾ ಆಯ್ತು, 39 ಮಂದಿಗಿ ರಕ್ತಸ್ರಾವ ಆಯ್ತು. ಅದೇ ವರ್ಷ ಬ್ರಿಟನ್ನಿನ ರೀಸ್ಟಾರ್ಟ್ ಅನ್ನೋ ಅಧ್ಯಯನನೂ ಬಂತು. ಅದರಾಗ ಇದ್ದವರಿಗಿ ಸಣ್ಣ ಚುಕ್ಕಿ ಅಲ್ಲ, ದೊಡ್ಡ ರಕ್ತಸ್ರಾವನೇ ಆಗಿತ್ತು, ಅಂಥ 537 ಮಂದಿಯೊಳಗ ಅರ್ಧ ಮಂದಿಗಿ ಆಸ್ಪಿರಿನ್ ತರದ ಗುಳಿಗಿ ಮತ್ತ ಶುರು ಮಾಡಿದ್ರು, ಅರ್ಧ ಮಂದಿಗಿ ಮಾಡಲಿಲ್ಲ. ಗುಳಿಗಿ ತಗೊಂಡವರೊಳಗ 12 ಮಂದಿಗಿ ಮತ್ತ ರಕ್ತಸ್ರಾವ ಆಯ್ತು, ತಗೊಳ್ಳದವರೊಳಗ 23. ಗುಳಿಗಿ ರಕ್ತಸ್ರಾವ ತಪ್ಪಿಸ್ತದ ಅಂತ ಇದರ ಅರ್ಥ ಅಲ್ಲ, ಆದ್ರ ನಾವು ಅಂಜಿದಷ್ಟು ಹೆಚ್ಚಿಸಂಗಿಲ್ಲ ಅಂತ ಗೊತ್ತಾಯ್ತು.

ಹಾರ್ಟ್‌ಬೀಟ್ ಏರುಪೇರು ಇದ್ದವರು, ಏಟ್ರಿಯಲ್ ಫಿಬ್ರಿಲೇಷನ್ ಅಂತಾರ, ಅವ್ರಿಗಿ ಆಸ್ಪಿರಿನ್ ಸಾಲಂಗಿಲ್ಲ, ವಾರ್ಫರಿನ್ ಇಲ್ಲಾ ಅಸಿಟ್ರೋಮ್ ಕೊಡ್ತಾರ, ಇಲ್ಲಾಂದ್ರ ಹೊಸಾ ತರದವು, ಅಪಿಕ್ಸಬ್ಯಾನ್, ಡಬಿಗಟ್ರಾನ್ ಅಂಥವು. ಮೆದುಳಿನ ರಕ್ತಸ್ರಾವ ಹೊಸದರಾಗ ವಾರ್ಫರಿನ್‌ಗಿಂತ ಸುಮಾರು ಅರ್ಧ ಕಡಿಮಿ, ಹಿಂಗಾಗಿ ಚುಕ್ಕಿ ಇದ್ದವರಿಗಿ ಆದ್ರ ಇವನ್ನ ಕೊಡೋದು ಛಲೋ. ಆದ್ರ ಲೋಹದ ವಾಲ್ವ್ ಹಾಕಿಸಿಕೊಂಡವರಿಗಿ ಈ ಹೊಸಾ ಗುಳಿಗಿ ನಡೆಯಂಗಿಲ್ಲ, ಅವ್ರಿಗಿ ವಾರ್ಫರಿನ್, ಅಸಿಟ್ರೋಮೇ ಬೇಕು, ರಕ್ತ ಎಷ್ಟು ತೆಳು ಆಗ್ಯಾದ ಅಂತ ನೋಡೋ ಐಎನ್‌ಆರ್ ಟೆಸ್ಟ್ ತಪ್ಪಿಸಬಾರದು. ಭಾಳ ಚುಕ್ಕಿ ಇದ್ದು, ಅಮಿಲಾಯ್ಡ್ ಇದ್ದು, ಒಮ್ಮಿ ದೊಡ್ಡ ರಕ್ತಸ್ರಾವ ಆಗಿದ್ರ ಆಗ ಕಠಿಣ ನಿರ್ಧಾರ ಇರ್ತದ, ಹೃದಯದೊಳಗ ರಕ್ತ ಹೆಪ್ಪುಗಟ್ಟೋ ಸಣ್ಣ ಚೀಲದ ಬಾಯಿ ಮುಚ್ಚೋ ವಿಧಾನನೂ ಅದ. ಅದನ್ನ ಹೃದಯದ ಡಾಕ್ಟರು, ನರದ ಡಾಕ್ಟರು ಇಬ್ಬರೂ ಕೂಡಿ ಮಾತಾಡಿ ಮಾಡ್ಬೇಕು. ನಿಮ್ಮ ಎರಡೂ ಫೈಲ್ ಒಂದೇ ಚೀಲದಾಗ ಇಡ್ರಿ, ಒಬ್ಬ ಡಾಕ್ಟರಿಗಿ ಇನ್ನೊಬ್ಬರ ಚೀಟಿ ತೋರಿಸ್ರಿ, ಮುಚ್ಚಿಡಬ್ಯಾಡ್ರಿ, ನಾವು ಸಿಟ್ಟಾಗಂಗಿಲ್ಲ.

ಇನ್ನ ಟ್ರೀಟ್‌ಮೆಂಟ್. ಚುಕ್ಕಿ ಅಳಿಸೋ ಔಷಧ ಇಲ್ಲ. ಚುಕ್ಕಿ ಕರಗಸ್ತೀವಿ, ಮೆದುಳು ಸಾಫ್ ಮಾಡ್ತೀವಿ ಅಂತ ಯಾರರೇ ಇಂಜೆಕ್ಷನ್ ಕೋರ್ಸ್ ಹೇಳಿದ್ರ ರೊಕ್ಕ ಕೊಡಬ್ಯಾಡ್ರಿ. ಮಾಡೋದು ಅಂದ್ರ ನಾಳ ಇನ್ನೂ ಕೆಡದಂಗ ನೋಡ್ಕೊಳ್ಳೋದು, ಅದರಾಗ ಬಿಪಿಯೇ ದೊಡ್ಡದು. ಪ್ರೋಗ್ರೆಸ್ ಅಂತ ಒಂದು ಅಧ್ಯಯನ 2001ರಾಗ ಬಂತು, ಮೊದಲು ಲಕ್ವಾ ಆದ 6,000ಕ್ಕಿಂತ ಹೆಚ್ಚು ಮಂದಿ ಅದರಾಗ ಇದ್ರು, ಬಿಪಿ ಇಳಿಸೋ ಗುಳಿಗಿ ಕೊಟ್ಟವರೊಳಗ ಮೆದುಳಿನ ರಕ್ತಸ್ರಾವ ಅರ್ಧಕ್ಕ ಇಳೀತು. ಅಮಿಲಾಯ್ಡ್‌ಲಿಂದ ಆಗೋ ರಕ್ತಸ್ರಾವನೂ ಇಳೀತು, ಅಂದ್ರ ಬಿಪಿ ಕಾರಣ ಅಲ್ಲದಿದ್ರೂ ಬಿಪಿ ಹಿಡಿದ್ರ ಉಪಯೋಗ ಅದ. ಮೆದುಳಿನ ರಕ್ತಸ್ರಾವ ಆದವರಿಗಿ 130/80ರ ಸುತ್ತ ಇಡ್ರಿ ಅಂತ ಈಗಿನ ಸಲಹಾ, ಚುಕ್ಕಿ ಇದ್ದವರಿಗೂ ನಾವು ಅದನ್ನೇ ನೋಡ್ತೀವಿ. ಭಾಳ ವಯಸ್ಸಾದವರಿಗಿ, ಎದ್ದು ನಿಂತ್ರ ಕಣ್ಣು ಕತ್ತಲಿ ಬರೋರಿಗಿ ಸ್ವಲ್ಪ ಹೆಚ್ಚುಕಡಿಮಿ ಮಾಡ್ತೀವಿ.

ನಮ್ಮ ಕಡಿ ಏನಾಗ್ತದಂದ್ರ, ಬಿಪಿ ನಾರ್ಮಲ್ ಬಂತು ಅಂತ ಗುಳಿಗಿ ಬಿಡ್ತಾರ. ಯಮ್ಮಾ, ನಾರ್ಮಲ್ ಬಂದಿದ್ದು ಗುಳಿಗಿಲಿಂದ ಅದ! ಬಿಟ್ರ ಮತ್ತ ಏರ್ತದ. ಗುಳಿಗಿ ಚಟ ಆಗ್ತದ, ಕಿಡ್ನಿ ಕೆಡ್ತದ ಅಂತಾರ, ಕಿಡ್ನಿ ಕೆಡೋದು ಏರಿದ ಬಿಪಿಲಿಂದ. ಅಮ್ಲೋಡಿಪಿನ್ ಅನ್ನೋ ಬಿಪಿ ಗುಳಿಗಿಲಿಂದ ಕಾಲು ಬಾತ್ರ ಬಂದು ಹೇಳ್ರಿ, ಬ್ಯಾರೆ ಕೊಡ್ತೀವಿ, ಗುಳಿಗಿ ಒಂದೇ ತರದ್ದಿಲ್ಲ. ಪ್ರೈಮರಿ ಹೆಲ್ತ್ ಸೆಂಟರ್‌ದಾಗ, ಸಿಟಿಯೊಳಗಿನ 'ನಮ್ಮ ಕ್ಲಿನಿಕ್' ಅನ್ನೋ ಸರಕಾರಿ ಕ್ಲಿನಿಕ್‌ದಾಗ ಬಿಪಿ ಗುಳಿಗಿ ಪುಕ್ಕಟ ಕೊಡ್ತಾರ. ಇನ್ನ ನಮ್ಮ ಬ್ಯಾಸಗಿ. ಏಪ್ರಿಲ್, ಮೇದಾಗ 42, 43 ಡಿಗ್ರಿ ಬಿಸಲಿಗಿ ಬೆವರು ಹರಿದು ಬಿಪಿ ತಾನೇ ಇಳೀತದ, ಅದರ ಮ್ಯಾಲ ಉಚ್ಚಿ ಹೋಗೋ ಗುಳಿಗಿ ಇದ್ರ ತಲಿ ತಿರುಗಿ ಬೀಳ್ತಾರ. ಆಗ ಗುಳಿಗಿ ಕಡಿಮಿ ಮಾಡಬೇಕಾಗ್ತದ, ಮಾಡೋಣ, ಆದ್ರ ಬಂದು ತೋರಿಸಿ ಮಾಡೋಣ, ಮತ್ತ ಮಳಿ ಬಿದ್ದ ಮ್ಯಾಲ ಏರಿಸಬೇಕಾಗ್ತದ. ಬ್ಯಾಸಗಿಯಾಗ ಬಿಟ್ಟ ಗುಳಿಗಿ ಚಳಿಗಾಲ ಬಂದ್ರೂ ಶುರು ಮಾಡಲ್ಲ, ಆ ಚಳಿಗಾಲದಾಗೇ ದವಾಖಾನಿಗಿ ಲಕ್ವಾದವರು ಬರೋದು ನೋಡ್ತೀವಿ.

ಮೊಣಕಾಲು ಬ್ಯಾನಿಗಿ ಅಂಗಡಿಲಿಂದ ಡೈಕ್ಲೋಫೆನಾಕ್ ತಂದು ತಿಂಗಳಗಟ್ಟಲೆ ನುಂಗೋದು ನಮ್ಮ ಹಿರಿಯರೊಳಗ ಭಾಳ ಅದ. ಅದು ಬಿಪಿ ಏರಸ್ತದ, ಕಿಡ್ನಿಗೂ ಪೆಟ್ಟು, ರಕ್ತ ತೆಳು ಮಾಡೋ ಗುಳಿಗಿ ಜೊತಿ ಕೂಡಿದ್ರ ಹೊಟ್ಟಿಯಾಗ ರಕ್ತಸ್ರಾವ ಮಾಡ್ತದ. ಉಪ್ಪು ದಿನಕ್ಕ 5 ಗ್ರಾಮ್‌ಗಿಂತ ಕಡಿಮಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಜ್ವಾಳದ ರೊಟ್ಟಿಗಿ ನನ್ನ ತಕರಾರಿಲ್ಲ, ರೊಟ್ಟಿ ಉಣ್ರಿ, ಪುಂಡಿಪಲ್ಯ ಉಣ್ರಿ, ತಾಟಿನ ಅಂಚಿಗಿರೋ ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಅಲ್ಲಿ ಕೈ ಹಿಡೀರಿ. ಬೀಡಿ, ಸಿಗರೇಟ್, ಗುಟ್ಕಾ, ಸೆರೆ, ಇವು ನಾಳ ಕೆಡಸ್ತಾವ ಅಂತ ಇಲ್ಲಿದ್ದವರಿಗಿ ನಾ ಬಿಡಿಸಿ ಹೇಳೋದು ಬ್ಯಾಡ. ಸಕ್ಕರಿ ಬ್ಯಾನಿ ಇದ್ರ ಅದನ್ನೂ ಹಿಡೀಬೇಕು.

ಚುಕ್ಕಿ ಇರಲಿ ಬಿಡಲಿ, ಬಾಯಿ ಒಂದು ಕಡಿ ಸೊಟ್ಟ ಆದ್ರ, ಒಂದು ಕೈ ಎತ್ತಲಾಗದಿದ್ರ, ಮಾತು ತೊದಲಿದ್ರ, ಒಮ್ಮಿಂದೊಮ್ಮಿಗೇ ಎಂದೂ ಬರದಂಥ ತಲಿಸಿಡಿತ, ವಾಂತಿ ಬಂದ್ರ 108ಕ್ಕ ಫೋನ್ ಮಾಡ್ರಿ, ಸಿಟಿ ಸ್ಕ್ಯಾನ್ ಇದ್ದ ದವಾಖಾನಿಗೇ ಹೋಗ್ರಿ. ಇಲ್ಲಿ ಜಿಮ್ಸ್, ಬೀದರ್‌ದಾಗ ಬ್ರಿಮ್ಸ್, ಯಾದಗಿರಿದಾಗ ಯಿಮ್ಸ್ ಅನ್ನೋ ಸರಕಾರಿ ದವಾಖಾನಿ ಅದ. ಲಕ್ವಾಕ್ಕ ಔಷಧ ಕೊಡ್ತಾರ ಅಂತ ಮೊದಲು ಹಳ್ಳಿ ಹಳ್ಳಿ ತಿರುಗಿ ಮೂರನೇ ದಿನಕ್ಕ ಬರ್ತೀರಿ, ಹೆಪ್ಪು ಕರಗಸೋ ಇಂಜೆಕ್ಷನ್‌ಗಿ ನಮ್ಮ ಬಲ್ಲಿ ಇರೋ ಹೊತ್ತು ನಾಲ್ಕೂವರಿ ತಾಸು. 10ಕ್ಕಿಂತ ಹೆಚ್ಚು ಚುಕ್ಕಿ ಇದ್ದವರಿಗಿ ಆ ಇಂಜೆಕ್ಷನ್ ಕೊಡೋ ಮುಂದ ಡಾಕ್ಟರ್ ಎರಡು ಸಲ ವಿಚಾರ ಮಾಡ್ತಾರ, ಅದಕ್ಕ ಹಳೇ ಎಂಆರ್‌ಐ ಇದ್ರ ಆ ಗಡಿಬಿಡಿಯಾಗೂ ಕೈಯಾಗ ಹಿಡ್ಕೊಂಡು ಬರ್ರಿ.

ಆ ಕಡಿ ಕುಂತ ಅಕ್ಕಾವ್ರು ಕೇಳ್ಯಾರ, ಇದು ಮಕ್ಕಳಿಗಿ ಬರ್ತದೇನು ಅಂತ. ಸಾಮಾನ್ಯವಾಗಿ ಇಲ್ರಿ. ಕ್ಯಾಡಸಿಲ್ ಅಂತ ಸಣ್ಣ ನಾಳ ಕೆಡೋ ಬ್ಯಾನಿ ಒಂದು, ಕ್ಯಾವರ್ನೋಮಾ ಅನ್ನೋ ನಾಳದ ಗಂಟು ಒಂದು, ಇಂಥ ಕೆಲವು ಅಪರೂಪದವು ಮನೆತನದಾಗ ಹರೀತಾವ. ಮನ್ಯಾಗ ಇಬ್ಬರು ಮೂವರಿಗಿ 40, 50ರ ಒಳಗ ಲಕ್ವಾ, ಮರೆವು, ಫಿಟ್ಸ್ ಬಂದಿದ್ರ ಆ ಮಾತು ಡಾಕ್ಟರಿಗಿ ಹೇಳ್ರಿ. ಆದ್ರ ಬಿಪಿ ಮಾತ್ರ ಮನೆತನದಾಗ ಹರೀತದ, ನಿಮಗ ಅದ ಅಂದ್ರ 30 ದಾಟಿದ ಮಗ, ಮಗಳು ಎಲ್ಲಾರದೂ ನೋಡಿಸ್ರಿ.

ಇನ್ನೊಬ್ರು, ಹಂಗಾದ್ರ ನಾವೆಲ್ಲಾ ಒಮ್ಮಿ ಎಂಆರ್‌ಐ ಮಾಡಿಸಿ ನೋಡೋಣೇನ್ರಿ ಅಂತಾರ. ಬ್ಯಾಡ್ರಿ. ಏನೂ ತ್ರಾಸ ಇಲ್ಲದವರಿಗಿ ಚುಕ್ಕಿ ಹುಡುಕೋ ಸಲುವಾಗಿ ಎಂಆರ್‌ಐ ಮಾಡಿಸೋದು ಯಾರೂ ಹೇಳಂಗಿಲ್ಲ, ಕಂಡ್ರೂ ಮಾಡೋದು ಬಿಪಿ ಹಿಡಿಯೋದೇ, ಅದನ್ನ ಎಂಆರ್‌ಐ ಇಲ್ಲದೇ ಇವತ್ತೇ ಶುರು ಮಾಡಬಹುದು. ಹಿಂದ ಬಾಗಲ ಬಲ್ಲಿ ಟೇಬಲ್ ಮ್ಯಾಲ ಎರಡು ಬಿಪಿ ಮಷಿನ್ ಇಟ್ಟೀವಿ, ಇಬ್ಬರು ನರ್ಸ್ ಅಕ್ಕಂದಿರು ಕುಂತಾರ. ಎಲ್ಲಾರೂ ಒಮ್ಮಿಗೇ ಏಳಬ್ಯಾಡ್ರಿ. ಚಹಾ ಕುಡಿಯೋ ಮೊದಲು ನೋಡಿಸ್ಕೊಳ್ರಿ, ಕುಡಿದಾಗಿದ್ರ, ಎಲಿ ಅಡಕಿ ತಂಬಾಕ ಹಾಕಿದ್ರ ಅರ್ಧ ತಾಸು ಬಿಟ್ಟು ಬರ್ರಿ. ಕುರ್ಚಿ ಮ್ಯಾಲ ಬೆನ್ನು ಆನಿಸಿ, ಕಾಲು ನೆಲಕ್ಕ ಊರಿ, ಐದು ನಿಮಿಷ ಸುಮ್ನ ಕೂಡ್ರಿ, ಕಾಲ ಮ್ಯಾಲ ಕಾಲು ಬ್ಯಾಡ, ಅಂಗಿ ತೋಳು ಏರಿಸಿ ಬರೇ ತೋಳಿಗಿ ಪಟ್ಟಿ ಕಟ್ಟಿಸ್ಕೊಳ್ರಿ, ತೋಳು ಎದಿ ಮಟ್ಟಕ್ಕ ಇರಲಿ, ನೋಡೋ ಹೊತ್ತಿಗಿ ಮಾತಾಡಬ್ಯಾಡ್ರಿ, ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡ್ತಾರ. ಎರಡೂ ಚೀಟಿ ಮ್ಯಾಲ ತಾರೀಖು ಹಾಕಿ ಬರೆಸ್ಕೊಳ್ರಿ. ಮನ್ಯಾಗ ಮಷಿನ್ ಇದ್ದವರು 135/85 ದಾಟಿ ಮತ್ತ ಮತ್ತ ಬರ್ತಿದ್ರ ಆ ಚೀಟಿ ತಗೊಂಡು ನಿಮ್ಮ ಡಾಕ್ಟರ ಬಲ್ಲಿ ಹೋಗ್ರಿ, 180 ದಾಟಿದವರು ಇವತ್ತು ಮನಿಗಿ ಹೋಗೋ ಮೊದಲು ನನ್ನ ಬಲ್ಲಿ ಬಂದು ಕೂಡ್ರಿ, ನಾ ಇಲ್ಲೇ ಇರ್ತೀನಿ.